ಶನಿಗೆ ಒಂಬತ್ತು ಸರಪಳಿ, ಎಂಟೂವರೆ ಆಣೆ

ಮೊನ್ನೆ ನಮ್ಮ ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ, ಇಲ್ಲಿ ಅಂಚೆ ಕಚೇರಿ ಎಷ್ಟು ದೂರ ಎಂದು ಕೇಳಿದಳು. ನಾನು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆ. ತಲೆ ಎತ್ತದೆ, "ಇಲ್ಲೇ ಅದವ್ವಾ, ಹದಿನಾಲ್ಕು ಸರಪಳಿ" ಅಂದುಬಿಟ್ಟೆ. ಆಕೆ ನನ್ನ ಕೊರಳು ನೋಡಿದಳು. ಮುದುಕಿ ತನ್ನ ಒಡವೆಯ ಲೆಕ್ಕ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ನನ್ನ ಕೊರಳಲ್ಲಿ ಇರುವುದು ಒಂದೇ, ಅದೂ ಸವೆದದ್ದು.

ಈ ಚಟ ನನಗೆ ತವರಿನಿಂದ ಬಂದದ್ದಲ್ಲ, ಮಾವನವರಿಂದ ಬಂದದ್ದು. ಕೆಲವರಿಗೆ ಅತ್ತೆಯ ಮನೆಯಿಂದ ಸಾರಿನ ಪುಡಿಯ ಹದ ಬರುತ್ತದೆ, ಕೆಲವರಿಗೆ ಮಂಡಿನೋವು ಬರುತ್ತದೆ. ನನಗೆ ಮೂವತ್ತಮೂರು ಅಡಿಯ ಒಂದು ಕಬ್ಬಿಣದ ಸರಪಳಿ ಬಂತು. ಸರಪಳಿ ಈಗ ಮನೆಯಲ್ಲಿಲ್ಲ, ಲೆಕ್ಕ ಮಾತ್ರ ತಲೆಯಲ್ಲಿ ಉಳಿದಿದೆ.

ನಾನು ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ, ಮದುವೆಯಾಗಿ, ಪುಣೆಯ ನಾರಾಯಣ ಪೇಟೆಯ ವಾಡೆಯೊಂದಕ್ಕೆ, ಅಂದರೆ ನಡುವೆ ಅಂಗಳವಿರುವ ಹಳೆಯ ಮನೆಗೆ, ಸೊಸೆಯಾಗಿ ಬಂದಾಗ ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ಮನೆಯಲ್ಲಿ ಇದ್ದವರು ನಾಲ್ಕೇ ಜನ. ಮಾವನವರು, ಅತ್ತೆ, ನಮ್ಮವರು, ನಾನು. ನಮ್ಮವರು ಖಡಕಿಯ ಒಂದು ಕಾರ್ಖಾನೆಯಲ್ಲಿ ನಕಾಶೆ ಬರೆಯುವ ಕೆಲಸದಲ್ಲಿದ್ದರು. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಸಂಜೆಗೇ ಬರುವುದು. ಮಾವನವರು ಮೋಜಣಿ ಖಾತೆಯಲ್ಲಿ, ಅಂದರೆ ಹೊಲಗದ್ದೆ ಅಳೆಯುವ ಸರಕಾರಿ ಕೆಲಸದಲ್ಲಿ, ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಪೇಟೆಯ ಮರಾಠಿ ಜನರಿಗೆ ಅವರು 'ಮೋಜಣಿ ರಾವಸಾಹೇಬ'. ಸರಕಾರ ಆ ಬಿರುದನ್ನು ಕೊಟ್ಟಿರಲಿಲ್ಲ, ಅವರ ರುಮಾಲು ಮತ್ತು ಮೀಸೆ ನೋಡಿ ಜನರೇ ಕೊಟ್ಟಿದ್ದರು.

ಮಾವನವರ ಜಗತ್ತಿನಲ್ಲಿ ಎಲ್ಲಕ್ಕೂ ಸರಪಳಿಯ ಲೆಕ್ಕವಿತ್ತು. ಅವರ ಸರಪಳಿಗೆ ಮೂವತ್ತಮೂರು ಅಡಿ, ಅದರಲ್ಲಿ ಹದಿನಾರು ಆಣೆ. ಇದು ಜೇಬಿನ ಆಣೆಯಲ್ಲ, ಅಳತೆಯ ಆಣೆ. ಒಂದೊಂದು ಎರಡು ಅಡಿಗಿಂತ ಒಂದು ಕೂದಲೆಳೆ ಹೆಚ್ಚು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಒಂದು ಮೈಲಿಗೆ ನೂರ ಅರವತ್ತು ಸರಪಳಿ. ನಮ್ಮ ವಾಡೆಯ ಬಾಗಿಲಿಂದ ನಲ್ಲಿಗೆ ಎರಡು ಸರಪಳಿ ಮೂರಾಣೆ, ಮಾರುತಿಯ ಗುಡಿಗೆ ಒಂಬತ್ತು ಸರಪಳಿ. ಅತ್ತೆ ಗುಡಿಯಿಂದ ತಡವಾಗಿ ಬಂದರೆ, "ಒಂಬತ್ತು ಸರಪಳಿಗೆ ಇಷ್ಟು ಹೊತ್ತೇನು?" ಎಂದು ಕೇಳುತ್ತಿದ್ದರು. "ಒಂಬತ್ತು ಸರಪಳಿಗೆ ಅಲ್ರಿ, ಒಂಬತ್ತು ಮಂದಿಗೆ. ದಾರ್‍ಯಾಗ ಎಲ್ಲಾರೂ ಮಾತಾಡ್ಸತಾರ" ಎಂದು ಅತ್ತೆ ಚಪ್ಪಲಿ ಬಿಡುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ಮಾವನವರು ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಸಿಟ್ಟಲ್ಲ, ಅವರ ಕಾಲದ ಮರ್ಯಾದೆ. ನನಗೆ ಹೇಳಬೇಕಾದದ್ದನ್ನು ಅತ್ತೆಗೆ ಹೇಳುವರು. ಅತ್ತೆ ಮನೆಯಲ್ಲಿಲ್ಲದಿದ್ದರೆ ಗೋಡೆಗೆ ಹೇಳುವರು. "ಚಹಾ ಆಗಿದ್ರ ಬರಬಹುದಾಗಿತ್ತು" ಎಂದು ಅವರು ಗೋಡೆಯ ಕ್ಯಾಲೆಂಡರಿಗೆ ಹೇಳಿದರೆ ನಾನು ಒಳಗಿನಿಂದ ಚಹಾ ತರುತ್ತಿದ್ದೆ. ಮೊದಲ ಆರು ತಿಂಗಳಲ್ಲಿ ಆ ಕ್ಯಾಲೆಂಡರಿಗೆ ನನಗಿಂತ ಹೆಚ್ಚು ಮಾತು ಸಿಕ್ಕಿತು.

ನನಗೆ ಕಾಲೇಜಿಗೆ ಹೋಗುವ ಆಸೆಯಿತ್ತು. ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಈ ವಿಷಯ ಎತ್ತಿದಾಗ ಇವರ ಕಡೆಯವರು "ನೋಡೋಣ" ಅಂದಿದ್ದರು. ನಮ್ಮಪ್ಪ ಅದನ್ನು ಹೂಂ ಎಂದು ತಿಳಿದರು. ಅತ್ತೆ ಅದನ್ನು ಉಹೂಂ ಎಂದೇ ಹೇಳಿದ್ದರು. ಇಲ್ಲಿಗೆ ಬಂದ ಮೇಲೆ ನಾನೊಮ್ಮೆ ಮೆಲ್ಲಗೆ ಮಾತು ತೆಗೆದೆ. ಅತ್ತೆ ಜೋಳದ ಹಿಟ್ಟು ನಾದುವುದನ್ನು ನಿಲ್ಲಿಸದೆ, "ಸೊಸಿ ಕಾಲೇಜಿಗೆ ಹೋದರ ರೊಟ್ಟಿ ಯಾರು ಬಡೀಬೇಕು? ಪ್ರಿನ್ಸಿಪಾಲರು ಬರ್ತಾರೇನು?" ಅಂದರು. ಮಾತು ಅಲ್ಲಿಗೆ ಮುಗಿಯಿತು. ನಾನು ಅತ್ತದ್ದು ನಿಜ. ಆದರೆ ಈರುಳ್ಳಿ ಹೆಚ್ಚುವ ಹೊತ್ತು ನೋಡಿ ಅತ್ತಿದ್ದೆ, ಹೀಗಾಗಿ ಯಾರಿಗೂ ತಿಳಿಯಲಿಲ್ಲ.

ನಮ್ಮವರಿಗೆ ಮಾತ್ರ ತಿಳಿದಿತ್ತೆಂದು ಕಾಣುತ್ತದೆ. ಒಂದು ಶನಿವಾರ ಕ್ಯಾಂಪಿನ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟರು. ಯಾವುದೋ ಗೋರಾ ಕುಟುಂಬ ವಿಲಾಯತಿಗೆ ಹೋಗುವಾಗ ಬಿಟ್ಟುಹೋದದ್ದು. ರಟ್ಟು ಹರಿದಿತ್ತು, ಮೊದಲ ಹಾಳೆ ಇರಲಿಲ್ಲ, ಇಲಿ ಒಂದು ಮೂಲೆ ತಿಂದಿತ್ತು. ಒಳಗೆ ಆಕಾಶದ ವಿಚಾರ. ಬಳೆ ತೊಟ್ಟ ಶನಿಯ ಚಿತ್ರ, ಕುಳಿ ಬಿದ್ದ ಚಂದ್ರನ ಚಿತ್ರ. ನನ್ನ ಇಂಗ್ಲಿಷ್ ಎತ್ತಿನ ಗಾಡಿಯ ಹಾಗೆ ನಿಧಾನ. ಮಧ್ಯಾಹ್ನ ಅತ್ತೆ ಅಡ್ಡಾದಾಗ ನಾನು ಮಾಳಿಗೆಯ ಗಚ್ಚಿಯ ಮೇಲೆ ಹಪ್ಪಳ ಕಾಯುವ ನೆಪದಲ್ಲಿ ಓದುತ್ತಿದ್ದೆ. ದಿನಕ್ಕೆ ಎರಡು ಪುಟ. ಕಾಗೆ ಬಂದ ದಿನ ಒಂದೇ ಪುಟ.

ಒಂದು ಸಂಜೆ, ಇನ್ನೂ ಬೆಳಕಿತ್ತು, ನಾವು ಮೂವರೂ ಗಚ್ಚಿಯ ಮೇಲಿದ್ದೆವು. ಅತ್ತೆ ಮತ್ತು ನಾನು ಹಪ್ಪಳ ಎತ್ತಿಡುತ್ತಿದ್ದೆವು, ಮಾವನವರು ಕುರ್ಚಿ ಹಾಕಿಕೊಂಡು ಗಾಳಿಗೆ ಕೂತಿದ್ದರು. ಹಪ್ಪಳದ ಬಟ್ಟೆಯ ಕೆಳಗೆ ನಾನು ಬಚ್ಚಿಟ್ಟಿದ್ದ ಪುಸ್ತಕ ಹೊರಬಿತ್ತು. ಮಾವನವರು ಅದನ್ನು ನೋಡಿದರು.

"ಆ ಪುಸ್ತಕದಾಗ ಏನದ ಅಂತ ಕೇಳು ಅಕೀಗೆ," ಎಂದರು ಅತ್ತೆಗೆ.

"ಏನದ ಅಂತ ಕೇಳ್ತಾರ," ಎಂದರು ಅತ್ತೆ ನನಗೆ. ನಾವು ಮೂವರೂ ಒಂದಾಣೆ ಅಂತರದಲ್ಲಿ ಕೂತಿದ್ದೆವು.

"ಚಂದ್ರ, ಸೂರ್ಯ, ಚಿಕ್ಕಿ ಎಷ್ಟು ದೂರ ಅವ ಅಂತ ಅದರ್‍ಯಾಗ ಬರದಾರ್‍ರಿ, ಅತ್ತಿ."

"ಚಂದ್ರ ಎಷ್ಟು ದೂರಂತ?"

"ಚಂದ್ರ ಎಷ್ಟು ದೂರಂತ ಕೇಳ್ತಾರ."

"ಎರಡು ಲಕ್ಷ ಮೂವತ್ತೊಂಬತ್ತು ಸಾವಿರ ಮೈಲು."

ಮಾವನವರು ನಕ್ಕರು. ಮೀಸೆಯ ಒಂದೇ ಬದಿಯಿಂದ ನಗುವ ಆ ನಗು ಮೋಜಣಿದಾರರದ್ದು, ಸುಳ್ಳು ಗಡಿ ತೋರಿಸುವ ರೈತನಿಗಾಗಿ ಮೀಸಲಿಟ್ಟದ್ದು. "ಯಾರು ಅಳದರಂತ ಕೇಳು. ಸರಪಳಿಯ ಆ ಕಡೆ ತುದಿ ಹಿಡಕೊಂಡು ನಿಂತಾವ ಯಾರು?"

ಅತ್ತೆಗೂ ಇದು ಸರಿಯಾದ ಪ್ರಶ್ನೆ ಅನ್ನಿಸಿತು. "ಹೌದಲ್ಲ, ಯಾರು ಹಿಡಕೊಂಡಿದ್ರು?"

ನಾನು ಅಳುಕುತ್ತ ವಿವರಿಸಿದೆ. ಸರಪಳಿ ಹಿಡಿಯುವುದಿಲ್ಲ. ಭೂಮಿಯ ಮೇಲೆ ಬಹಳ ದೂರದ ಎರಡು ಊರುಗಳಲ್ಲಿ ಇಬ್ಬರು ನಿಂತು, ಒಂದೇ ಹೊತ್ತಿಗೆ ಚಂದ್ರನನ್ನು ನೋಡುತ್ತಾರೆ. ಇಬ್ಬರಿಗೂ ಅದು ಒಂದೇ ಕಡೆ ಕಾಣುವುದಿಲ್ಲ, ತುಸು ಸರಿದು ಕಾಣುತ್ತದೆ. ಎರಡು ಊರಿನ ನಡುವಿನ ದೂರ ಗೊತ್ತು, ಚಂದ್ರ ಎಷ್ಟು ಸರಿದಿದೆ ಎಂಬ ಕೋನ ಗೊತ್ತು. ಅದರಿಂದ ಲೆಕ್ಕ ತೆಗೆಯುತ್ತಾರೆ.

ಅತ್ತೆ ಇದನ್ನು ದಾಟಿಸಲು ಬಾಯಿ ತೆರೆದರು. ಎಲ್ಲಿಂದ ಸುರು ಮಾಡಬೇಕೋ ತಿಳಿಯದೆ ಮುಚ್ಚಿದರು. ಅಷ್ಟರಲ್ಲಿ ಮಾವನವರು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದರು.

"ಅಂದ್ರ ಹೊಳಿ ದಾಟದನ ಆ ದಂಡಿಯ ಮರ ಅಳದಾಂಗ!" ಎಂದು ನನ್ನ ಮುಖ ನೋಡಿಯೇ ಹೇಳಿದರು. "ಭೀಮಾ ಹೊಳಿ ತುಂಬಿ ಬಂದಿತ್ತು. ಸಾಹೇಬ ಆ ದಂಡಿಯ ಬೇವಿನ ಮರದ ತನಕ ಅಳತಿ ಬೇಕಂದ. ನಾ ಈ ದಂಡಿಗೆ ಎರಡು ಗೂಟಾ ಹೊಡದು, ಎರಡೂ ಕಡಿಂದ ಮರಾ ನೋಡಿ, ಕೋನ ಹಿಡದು ಕೊಟ್ಟೆ. ಹೊಳಿ ಇಳದ ಮ್ಯಾಲೆ ಸರಪಳಿ ಹಾಕಿ ನೋಡಿದ್ರ ಅರ್ಧ ಆಣೆನೂ ಫರಕ ಇರಲಿಲ್ಲ. ಇವರು ಚಂದ್ರನ್ನ ಮರಾ ಮಾಡ್ಕೊಂಡಾರ, ಇಷ್ಟ! ಪದ್ಮಾವತಿ, ಮುಂದ ಓದು."

ನನ್ನ ಹೆಸರು ಅವರಿಗೆ ಗೊತ್ತಿದೆ ಎಂಬುದೇ ನನಗೆ ಆ ದಿನ ಗೊತ್ತಾಯಿತು. ಅತ್ತೆಯ ಕೈಯಿಂದ ಒಂದು ಹಪ್ಪಳ ಜಾರಿ ಮುರಿಯಿತು. ಇಷ್ಟು ತಿಂಗಳು ನಡುವೆ ನಿಂತು ಮಾತು ದಾಟಿಸಿದ ಅವರ ಕೆಲಸ ಹಾಗೆ ಒಂದೇ ಏಟಿಗೆ ಹೋಯಿತಲ್ಲ.

ಅಂದಿನಿಂದ ಸಂಜೆಯ ಹೊತ್ತು ಗಚ್ಚಿಯ ಮೇಲೆ ಆಕಾಶದ ಮೋಜಣಿ ನಡೆಯಿತು. ಮಾವನವರಿಗೆ ಮೈಲಿಯ ಲೆಕ್ಕ ಬೇಡ. "ಮೈಲು ದಾರಿ ಹೋಗಾವ್ರಿಗೆ. ಅಳಿಯಾವ್ರಿಗೆ ಸರಪಳಿ" ಎಂಬುದು ಅವರ ಮಾತು. ನಾನು ಸ್ಲೇಟು ಹಿಡಿದು ಎಲ್ಲವನ್ನೂ ನೂರ ಅರವತ್ತರಿಂದ ಗುಣಿಸಿ ಕೊಡಬೇಕು. ಚಂದ್ರ ಮೂರು ಕೋಟಿ ಎಂಬತ್ತೆರಡು ಲಕ್ಷ ನಲವತ್ತು ಸಾವಿರ ಸರಪಳಿ. ಸೂರ್ಯ ಸಾವಿರದ ನಾನೂರ ಎಂಬತ್ತೆಂಟು ಕೋಟಿ. ಮಾವನವರು ಆಳುಗಳ ಲೆಕ್ಕವನ್ನೂ ಹಾಕಿದರು. ಅವರ ಖಾತೆಯ ಜನ ದಿನಕ್ಕೆ ಇನ್ನೂರು ಸರಪಳಿ ಎಳೆದರೆ ಬಹಳ. ಹಾಗಾದರೆ ಚಂದ್ರನನ್ನು ಮುಟ್ಟಲು ರಜೆಯಿಲ್ಲದೆ ಐನೂರ ಇಪ್ಪತ್ತಮೂರು ವರ್ಷ. "ರವಿವಾರ ಸೂಟಿ ಕೊಟ್ರ ಆರನೂರರ ಮ್ಯಾಲೆ ಹೋಗ್ತದ. ಮಳಿಗಾಲ ಬ್ಯಾರೆ" ಎಂದು ಚಿಂತೆಯಿಂದ ತಲೆಯಾಡಿಸಿದರು, ಟೆಂಡರು ತಮಗೇ ಬಂದಿದೆ ಎಂಬಂತೆ.

ಬೆಳಕಿನ ವೇಗ ಓದಿದ ದಿನ ಅವರು ಊಟಕ್ಕೆ ತಡಮಾಡಿದರು. ಬೆಳಕು ಒಂದು ಸೆಕೆಂಡಿಗೆ ಎರಡು ಕೋಟಿ ತೊಂಬತ್ತೇಳು ಲಕ್ಷ ಅರವತ್ತು ಸಾವಿರ ಸರಪಳಿ ಹೋಗುತ್ತದೆ. ಅದು ಒಂದು ವರ್ಷ ನಿಲ್ಲದೆ ಓಡಿದರೆ ಒಂಬತ್ತು ಕೋಟಿ ಕೋಟಿಗೂ ಮೇಲೆ. ಚಿಕ್ಕೆಗಳ ದೂರವನ್ನು ಇಂಥ ವರ್ಷಗಳಲ್ಲಿ ಹೇಳುತ್ತಾರೆ ಎಂದೆ. ಅತ್ತೆ ಬತ್ತಿ ಹೊಸೆಯುತ್ತ ಕೇಳಿದರು: "ಹಂಗಾದ್ರ ದೂರಕ್ಕ ವರ್ಷ ಅಂತಾರೇನು? ನಮ್ಮ ತವರಮನಿನೂ ಹಂಗ ಅದ. ಮೂರು ವರ್ಷ ದೂರ. ಹೋಗಿ ಮೂರು ವರ್ಷ ಆತು." ಮಾವನವರು ಕೆಮ್ಮಿ ಪುಸ್ತಕದ ಕಡೆ ನೋಡಿದರು. ಆ ದೀಪಾವಳಿಗೆ ಅತ್ತೆ ತವರಿಗೆ ಹೋಗಿಬಂದರು.

ಇಷ್ಟು ದೊಡ್ಡ ಅಂಕಿಗಳಿಂದ ಕಣ್ಣಿಗೆ ಏನೂ ಕಾಣದು ಎಂದು ನಮ್ಮವರು ಒಂದು ಉಪಾಯ ಹೇಳಿದರು. ನಕಾಶೆಯವರಲ್ಲವೇ. ಭೂಮಿಯಿಂದ ಸೂರ್ಯನ ದೂರವನ್ನೇ ಒಂದು ಸರಪಳಿ ಎಂದು ಇಟ್ಟುಕೊಳ್ಳೋಣ, ಉಳಿದ ಗ್ರಹಗಳನ್ನು ಆ ಅಳತೆಯಲ್ಲಿ ನೆಲದ ಮೇಲೆ ಹಾಕಿ ನೋಡೋಣ ಎಂದರು. ಮಾವನವರ ಕಣ್ಣು ಹೊಳೆಯಿತು. ಅಟ್ಟದಿಂದ ಅವರ ಸ್ವಂತದ ಹಳೆಯ ಸರಪಳಿ ಇಳಿಯಿತು, ಎಣ್ಣೆ ಹಚ್ಚಿಸಿಕೊಂಡಿತು. ಈ ಲೆಕ್ಕದಲ್ಲಿ ಅತೀ ಹತ್ತಿರದ ಚಿಕ್ಕೆ ಎಲ್ಲಿ ಬರುತ್ತದೆ ಎಂದು ನಾನು ತೆಗೆದೆ. ಎರಡು ಲಕ್ಷ ಎಪ್ಪತ್ತು ಸಾವಿರ ಸರಪಳಿ, ಅಂದರೆ ರಂಗೂನು ದಾಟಿ ಆಚೆ. "ಸಮುದ್ರ ದಾಟೂದು ಬ್ಯಾಡ. ನಮ್ಮ ಮನಿತನದಾಗ ಯಾರೂ ದಾಟಿಲ್ಲ. ಶನಿ ತನಕ ಹೋಗಿ ಬರ್‍ರಿ ಸಾಕು" ಎಂದರು ಅತ್ತೆ.

ರವಿವಾರ ಬೆಳಿಗ್ಗೆ ಮುಠಾ ನದಿಯ ದಂಡೆಗೆ ಹೋದೆವು. ಸೂರ್ಯನಿಗೆ ಒಂದು ದೊಡ್ಡ ಕಿತ್ತಳೆ, ಭೂಮಿಗೆ ಒಂದು ಗಸಗಸೆ ಕಾಳು, ಗುರುವಿಗೆ ಕಡಲೆ, ಶನಿಗೆ ಚಿಕ್ಕ ಬಟಾಣಿ. ಎಲ್ಲ ಅತ್ತೆಯ ಡಬ್ಬಿಗಳಿಂದ. ಮಾವನವರು ಒಂದು ತುದಿ, ನಮ್ಮವರು ಇನ್ನೊಂದು ತುದಿ. ನಾನು ಸ್ಲೇಟು ಹಿಡಿದು ಅಂಕಿ ಓದುವವಳು. ಇನ್ನೂ ಶುಕ್ರನವರೆಗೆ ಹೋಗಿರಲಿಲ್ಲ, ಜನ ಸೇರಿತು. ಮೋಜಣಿ ರಾವಸಾಹೇಬರು ಸರಪಳಿ ಹಿಡಿದಿದ್ದಾರೆ ಎಂದರೆ ಸರಕಾರ ರಸ್ತೆ ಅಗಲ ಮಾಡಲಿದೆ, ವಾಡೆಗಳು ಬೀಳುತ್ತವೆ ಎಂದು ಸುದ್ದಿ ಹಬ್ಬಿತು. ಪಕ್ಕದ ವಾಡೆಯ ಅಜ್ಜಿಯೊಬ್ಬಳು ಓಡಿಬಂದು, ತನ್ನ ತುಲಸಿಕಟ್ಟೆ ಯಾವ ಕಡೆ ಬರುತ್ತದೆ ಎಂದು ಕೇಳಿದಳು. "ಗುರುವಿನ ಈಚೆ ಕಡೆ, ಚಿಂತಿ ಮಾಡಬ್ಯಾಡ್ರಿ" ಎಂದರು ನಮ್ಮವರು. ಆಕೆ ಗುರುವಿಗೆ ಅಲ್ಲಿಂದಲೇ ಕೈಮುಗಿದಳು.

ಪುಸ್ತಕದಲ್ಲಿ ಗ್ರಹಗಳ ದೂರ ದಶಾಂಶದಲ್ಲಿತ್ತು. ಒಂದನ್ನು ನೂರು ಭಾಗ ಮಾಡಿದ ಲೆಕ್ಕ. ಮಾವನವರ ಸರಪಳಿಗೆ ಹದಿನಾರೇ ಭಾಗ. ನೂರರ ಲೆಕ್ಕವನ್ನು ಆಣೆಗೆ ಇಳಿಸಲು ಅವರ ಬಳಿ ಒಂದು ಕೋಷ್ಟಕವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಮ್ಮ ಕೈಯಾರೆ ಬರೆದುಕೊಂಡದ್ದು. ಕೆಲವು ಸಾಹೇಬರು ದಶಾಂಶದಲ್ಲೇ ಅಳತೆ ಬರೆಯುತ್ತಿದ್ದರಂತೆ, ಅದಕ್ಕಾಗಿ. ನಾನು ಮನೆಯಲ್ಲಿ ಸ್ಲೇಟಿನ ಮೇಲೆ ಗುಣಿಸಿ ತೆಗೆದಿದ್ದೆ, ಅವರು ಕೋಷ್ಟಕ ನೋಡಿ ಹೇಳುತ್ತಿದ್ದರು. ಶುಕ್ರ ಹನ್ನೊಂದೂವರೆ ಆಣೆ, ಇಬ್ಬರದೂ ಸರಿ. ಮಂಗಳ ಒಂದು ಸರಪಳಿ ಎಂಟಾಣೆ, ಸರಿ. ಗುರು ಐದು ಸರಪಳಿ ಮೂರಾಣೆ, ಸರಿ. ಶನಿ ಒಂಬತ್ತು ಸರಪಳಿ, ಮೇಲೆ ನೂರರಲ್ಲಿ ಐವತ್ತನಾಲ್ಕು.

"ಒಂಬತ್ತು ಸರಪಳಿ ಒಂಬತ್ತೂವರೆ ಆಣೆ," ಎಂದರು ಮಾವನವರು.

ನನ್ನ ಸ್ಲೇಟಿನಲ್ಲಿ ಎಂಟೂವರೆ ಇತ್ತು. ನಾನು ತಪ್ಪಿದೆ ಎಂದುಕೊಂಡು ಅಲ್ಲೇ ನಿಂತು ಮತ್ತೆ ಗುಣಿಸಿದೆ. ಎಂಟೂವರೆ. ಇನ್ನೊಮ್ಮೆ ಮಾಡಿದೆ. ಎಂಟೂವರೆಗಿಂತ ಒಂದು ಎಳೆ ಹೆಚ್ಚು, ಒಂಬತ್ತೂವರೆ ಮಾತ್ರ ಆಗಲೊಲ್ಲದು.

"ಯಾಕ, ಏನಾತು?" ಎಂದರು.

"ಏನಿಲ್ರಿ, ಮಾವ. ನಂದ ತಪ್ಪಿರಬೇಕು. ನಂಗ ಎಂಟೂವರಿ ಬರ್ತದ."

ಅವರು ಸ್ಲೇಟು ಇಸಿದುಕೊಂಡು ನೋಡಿದರು. ಕೋಷ್ಟಕ ನೋಡಿದರು. ಪೆನ್ಸಿಲ್ ತೆಗೆದು ಅಂಗೈಯ ಮೇಲೆ ಲೆಕ್ಕ ಮಾಡಿದರು. ಆಮೇಲೆ ಬಟಾಣಿಯನ್ನು ನೆಲಕ್ಕೆ ಹಾಕದೆ ಜೇಬಿಗೆ ಹಾಕಿಕೊಂಡು, ಸರಪಳಿ ಮಡಚಿ ಮನೆಯ ಕಡೆ ನಡೆದರು.

ಎರಡು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ತಮ್ಮ ಹಳೆಯ ಡೈರಿಗಳನ್ನೆಲ್ಲ ಟ್ರಂಕಿನಿಂದ ತೆಗೆದು ನೆಲಕ್ಕೆ ಹರವಿದರು. ಮೂವತ್ತು ವರ್ಷ ತಾವು ಅಳೆದ ಹೊಲಗಳ ಟಿಪ್ಪಣಿಯನ್ನು ಅವರು ತಮಗಾಗಿ ಬರೆದಿಟ್ಟುಕೊಂಡಿದ್ದರು. ನಾನು ಅಪರಾಧಿಯ ಹಾಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು, ಶನಿ ಒಂದಾಣೆ ಆಚೆ ಹೋದರೆ ಯಾರ ಗಂಟು ಹೋಗುತ್ತಿತ್ತು ಎಂದು ನನ್ನನ್ನೇ ಬೈದುಕೊಂಡೆ. ಅತ್ತೆಯಂತೂ ನನ್ನ ಜೊತೆ ಮಾತು ಬಿಟ್ಟರು. ಈಗ ಗೋಡೆಯ ಜೊತೆ ಮಾತಾಡುವ ಸರದಿ ಅವರದಾಯಿತು.

ಮೂರನೆಯ ದಿನ ಮಾವನವರು ಕರೆದರು. ಕೋಷ್ಟಕದಲ್ಲಿ ತಪ್ಪಿದ್ದದ್ದು ಐವತ್ತನಾಲ್ಕರ ಒಂದೇ ಸಾಲು, ಅಲ್ಲಿ ಎಂಟೂವರೆಯ ಬದಲು ಒಂಬತ್ತೂವರೆ ಎಂದು ಬರೆದಿದ್ದರು. ಐವತ್ತನಾಲ್ಕು ಎಂಬ ಅಂಕಿ ಅವರ ಡೈರಿಗಳಲ್ಲಿ ಒಂದೇ ಒಂದು ಕಡೆ ಸಿಕ್ಕಿತ್ತು. ಪುಣೆಯ ಆಚೆ ಚಾಕಣದ ಹತ್ತಿರ ಇಬ್ಬರು ಅಣ್ಣತಮ್ಮಂದಿರ ಹೊಲ. ಹಿಸ್ಸೆಯಾದಾಗ ಜಗಳವಾಗಿ, ಸಾಹೇಬರ ಹಳೆಯ ಕಾಗದದಲ್ಲಿ ಅಣ್ಣನ ಪಾಲು ಹನ್ನೊಂದು ಸರಪಳಿ ಮತ್ತು ನೂರರಲ್ಲಿ ಐವತ್ತನಾಲ್ಕು ಎಂದು ಇದ್ದದ್ದನ್ನು ಇವರು ಕೋಷ್ಟಕ ನೋಡಿ ಆಣೆಗೆ ಇಳಿಸಿ, ಅಲ್ಲಿ ಗಡಿಯ ಬಾಂದುಕಲ್ಲು ನೆಡಿಸಿ ಬಂದಿದ್ದರು. ಆಗಿ ಹದಿನೆಂಟು ವರ್ಷ. ಒಂದಾಣೆ ಹೆಚ್ಚಾಗಿದೆ ಎಂದರೆ ಕಲ್ಲು ಎರಡು ಅಡಿ ತಮ್ಮನ ಹೊಲದೊಳಗೆ ಹೋಗಿದೆ.

"ಎರಡು ಅಡಿ," ಎಂದರು ಮಾವನವರು. "ಒಬ್ಬಾವನ ಭೂಮಿ ಕಸದು ಇನ್ನೊಬ್ಬಾವಗ ಕೊಟ್ಟು ಬಂದೀನಿ. ಹದಿನೆಂಟು ವರ್ಷ ಆತು. ನಾಳೆ ಚಾಕಣಕ್ಕ ಹೋಗ್ತೀನಿ. ಲೆಕ್ಕಾ ಹಿಡದಾಕಿ ನೀನ, ನೀನೂ ಬರಬೇಕು."

ಸೊಸೆಯೊಬ್ಬಳನ್ನೇ ಮಾವನ ಜೊತೆ ಹಳ್ಳಿಗೆ ಕಳಿಸುವುದು ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಬುತ್ತಿ ಕಟ್ಟಿಕೊಂಡು ತಾವೂ ಹೊರಟರು. ಸರ್ವಿಸ್ ಮೋಟಾರಿನಲ್ಲಿ, ಅಂದರೆ ಆಗಿನ ಬಸ್ಸಿನಲ್ಲಿ, ನಾವು ಮೂವರು, ನಮ್ಮ ಕಾಲ ಬುಡದಲ್ಲಿ ಗೋಣಿಚೀಲದಲ್ಲಿ ಸರಪಳಿ. ರಸ್ತೆಯ ಪ್ರತಿ ಗುಂಡಿಗೂ ಅದು ಝಣಝಣ ಅನ್ನುತ್ತಿತ್ತು. "ಏನು ಆಜೋಬಾ, ಚಾಕಣದಾಗ ಆನಿ ಕಟ್ಟಾವ್ರೇನು?" ಎಂದು ಮೋಟಾರಿನವನು ಕೇಳಿದ. ಬೇರೆ ದಿನವಾಗಿದ್ದರೆ ಮಾವನವರು ಅವನಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದರು. ಅಂದು ಕಿಟಕಿಯ ಹೊರಗೆ ನೋಡುತ್ತ ಕೂತರು. ದಾರಿಯಲ್ಲಿ ಇಂದ್ರಾಯಣಿಯ ಸೇತುವೆ ಬಂದಾಗ ಅತ್ತೆ ಅವರ ಕೈಗೆ ಒಂದು ತುಂಡು ಬೆಲ್ಲ ಕೊಟ್ಟರು. ಅವರು ಅದನ್ನು ಬಾಯಿಗೆ ಹಾಕಿಕೊಳ್ಳದೆ ಹಿಡಿದೇ ಇದ್ದರು.

ಹೊಲ ಹುಡುಕುವುದು ಕಷ್ಟವಾಗಲಿಲ್ಲ. ಅಣ್ಣ ಬಾಳೋಬಾ, ಎತ್ತರದ ಮುದುಕ, ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ತಮ್ಮ ಧೋಂಡಿಬಾ ಗಿಡ್ಡ, ಮಾತುಗಾರ, ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ. ಇಬ್ಬರೂ ಮಾವನವರ ಗುರುತು ಹಿಡಿದು ಕೈಮುಗಿದು ಬಂದರು. ಮಾತು ಮರಾಠಿಯಲ್ಲಿ ನಡೆಯಿತು, ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಮಾವನವರು ನೀರು ಕೂಡ ಕುಡಿಯಲಿಲ್ಲ. "ಮೊದಲ ಅಳತಿ, ಆಮ್ಯಾಲೆ ಮಾತು" ಅಂದರು.

ಸರಪಳಿಯ ಇನ್ನೊಂದು ತುದಿ ಹಿಡಿಯಲು ಬಾಳೋಬಾನ ಆಳು ಮುಂದೆ ಬಂದ. ಮಾವನವರು ಬೇಡವೆಂದು ಕೈ ಮಾಡಿ, ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅತ್ತೆಯ ಮುಖ ನೋಡಿದೆ. ಅವರು ಏನೋ ಹೇಳಹೊರಟು, ಗಂಡನ ಮುಖ ನೋಡಿ, "ಸೆರಗು ಸಿಗಿಸ್ಕೋ, ಮುಳ್ಳ ಅವ" ಅಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದೆ. ಬಾವಿಯ ಮೂಲೆಯ ಕಲ್ಲಿನಿಂದ ಒಂದು, ಎರಡು, ಮೂರು. ಬಿಸಿಲಿಗೆ ಕಬ್ಬಿಣ ಕೈ ಸುಡುತ್ತಿತ್ತು. ಹನ್ನೊಂದು ಸರಪಳಿ ಮುಗಿದು ಎಂಟೂವರೆ ಆಣೆಗೆ ಮಾವನವರು ಒಂದು ಗೂಟ ಹೊಡೆದರು. ಬಾಂದುಕಲ್ಲು ಅಲ್ಲಿಂದ ಸರಿಯಾಗಿ ಒಂದಾಣೆ ಆಚೆ, ಧೋಂಡಿಬಾನ ಕಡೆ ಇತ್ತು.

ಗೂಟಕ್ಕೂ ಕಲ್ಲಿಗೂ ನಡುವೆ ಹೊಲವಿರಲಿಲ್ಲ. ತುಳಿದು ತುಳಿದು ಗಟ್ಟಿಯಾದ ಒಂದು ಕಾಲುದಾರಿ ಇತ್ತು.

ಮಾವನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಕೋಷ್ಟಕ, ಕಾಗದ, ಕಲ್ಲು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಹೇಳಿ ಮುಗಿಸುವ ಮೊದಲೇ ಧೋಂಡಿಬಾ ಎರಡು ಕೈ ಮೇಲೆತ್ತಿ ಕುಣಿದುಬಿಟ್ಟ.

"ನಾ ಹೇಳಿರಲಿಲ್ಲೇನು? ನಾ ಹೇಳಿರಲಿಲ್ಲೇನು? ಹದಿನೆಂಟು ವರ್ಷದಿಂದ ಬಡಕೋತೀನಿ, ಎರಡು ಅಡಿ ಹೋತು, ಎರಡು ಅಡಿ ಹೋತು ಅಂತ! ಸರಕಾರಿ ಕಲ್ಲು ಸುಳ್ಳ ಹೇಳ್ತದೇನು ಅಂತ ಊರೆಲ್ಲಾ ನಕ್ಕಿತು. ನನ್ನ ಹೇಣ್ತೀನೂ ನಕ್ಕಳು!"

ಅವನಿಗೆ ಸಿಟ್ಟೇ ಇರಲಿಲ್ಲ. ಗೆದ್ದ ಸಂತೋಷ ಉಕ್ಕುತ್ತಿತ್ತು. ಬಾಳೋಬಾ ನೆಲ ನೋಡುತ್ತ ನಿಂತಿದ್ದ. ಆಮೇಲೆ ಮೆಲ್ಲಗೆ ಹೇಳಿದ. "ನಂಗೂ ಗೊತ್ತಿತ್ತು, ರಾವಸಾಹೇಬ. ನಮ್ಮಜ್ಜನ ಅಳತಿ ಕೋಲು ಮನ್ಯಾಗ ಅದ, ನಾನೂ ಅಳದು ನೋಡಿದ್ದೆ. ಕಾಗದ ನನ್ನ ಕಡೆ ಇತ್ತು, ಬಾಯಿ ಬಿಡಲಿಲ್ಲ. ಆದ್ರ ಅಲ್ಲಿ ಬಿತ್ತಾಕ ಕೈ ಬರಲಿಲ್ಲ. ಹಂಗ ಬಿಟ್ಟೆ. ನಮ್ಮಾಕಿ ತಮ್ಮನ ಹೇಣ್ತಿ ಬಾಣಂತನಕ್ಕ ಹೋಗಿ ಬರೂದು ಸುರು ಮಾಡಿದ್ಲು, ದಾರಿ ಬಿತ್ತು."

ದಾರಿ ಬಿದ್ದ ಮೇಲೆ ಎರಡು ಮನೆಯ ಹೆಂಗಸರು ಹೋಗಿಬರುವುದಾಯಿತು, ಆಮೇಲೆ ಮಕ್ಕಳು. ಗಂಡಸರು ಬಿಗುಮಾನ ಬಿಡಲು ಇನ್ನೂ ನಾಲ್ಕು ವರ್ಷ ಹಿಡಿಯಿತಂತೆ. ಈಗ ಒಂದೇ ಬಾವಿ, ಒಂದೇ ಜೋಡಿ ಎತ್ತು.

ಮಾವನವರು ಪಟ್ಟು ಬಿಡಲಿಲ್ಲ. ಕಚೇರಿಗೆ ಅರ್ಜಿ ಬರೆದುಕೊಡುತ್ತೇನೆ, ಕಲ್ಲು ಸರಿಸಿ ಸರಿ ಮಾಡಬೇಕು ಎಂದರು. ಅಷ್ಟರಲ್ಲಿ ಇಬ್ಬರ ಹೆಂಡಂದಿರೂ ಬಂದಿದ್ದರು. "ಕಲ್ಲು ಸರದ್ರ ದಾರಿ ಹೋಗ್ತದ. ನಾವೇನು ಸುತ್ತ ಹಾಕಿ ಹೋಗೂದೇನು? ಯಾರಾರ ಕಲ್ಲು ಮುಟ್ಟಲಿ, ನೋಡ್ತೀವಿ" ಎಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಅತ್ತೆ ಅವರ ಪಕ್ಕಕ್ಕೆ ಹೋಗಿ ನಿಂತದ್ದನ್ನು ನಾನು ನೋಡಿದೆ.

ಧೋಂಡಿಬಾ ಮಾವನವರ ಮುಂದೆ ಬಂದ. "ಭೂಮಿ ಬ್ಯಾಡ್ರಿ, ರಾವಸಾಹೇಬ. ಒಂದ ಒಂದು ಮಾಡ್ರಿ. ಈಗ ಹೇಳಿದ್ದನ್ನ ಚಾವಡಿ ಮುಂದ ಬಂದು ನಾಕು ಮಂದ್ಯಾಗ ಹೇಳ್ರಿ."

ಸಂತೆಯ ದಿನವಾದ್ದರಿಂದ ಚಾವಡಿಯ ಮುಂದೆ ನಾಲ್ಕಲ್ಲ, ನಲವತ್ತು ಜನರಿದ್ದರು. ಒಂದು ಕಾಲಕ್ಕೆ ಅದೇ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಊರನ್ನು ನಡುಗಿಸಿದ ನನ್ನ ಮಾವ ಈಗ ನೆಲದ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಧೋಂಡಿಬಾ ಹೇಳಿದ್ದು ಖರೇ. ಕಲ್ಲು ತಪ್ಪು ಜಾಗದಾಗ ಅದ. ತಪ್ಪು ನಂದು" ಎಂದರು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಯಾರೋ, ಇಷ್ಟು ವರ್ಷದ ಮೇಲೆ ಗೊತ್ತಾದದ್ದು ಹೇಗೆ ಎಂದು ಕೇಳಿದರು.

"ಶನಿಯ ಲೆಕ್ಕಾ ಹಾಕೂ ಮುಂದ ಸಿಕ್ಕಿತು," ಎಂದರು ಮಾವನವರು. ಅವರಿಗೆ ಸುಳ್ಳು ಹೇಳಿ ಗೊತ್ತಿಲ್ಲ.

ಅಷ್ಟೇ ಸಾಕಾಯಿತು. ಶನಿಮಹಾರಾಜನೇ ಧೋಂಡಿಬಾನ ಕಡೆಯಿಂದ ಸಾಕ್ಷಿ ಹೇಳಿದನೆಂದು ಸಂತೆಯೆಲ್ಲ ಗದ್ದಲವೆದ್ದಿತು. ಧೋಂಡಿಬಾ ಅಲ್ಲಿಂದಲೇ ಎಣ್ಣೆ ಕೊಂಡು ಗುಡಿಗೆ ಓಡಿದ. ಬೇರೆ ಗಡಿಗಳ ಬಗ್ಗೆ ಅನುಮಾನವಿದ್ದ ಏಳೆಂಟು ಜನ ಮಾವನವರನ್ನು ಸುತ್ತಿಕೊಂಡು, ತಮ್ಮ ಹೊಲವನ್ನೂ ಶನಿಗೆ ಕೇಳಿ ಹೇಳಬೇಕೆಂದರು. ಮೋಟಾರು ಹಿಡಿಯುವಷ್ಟರಲ್ಲಿ ಸಾಕುಸಾಕಾಯಿತು. ಬಾಳೋಬಾ ಒಂದು ಚೀಲ ಈರುಳ್ಳಿ ತಂದು ಸರಪಳಿಯ ಪಕ್ಕ ಇಟ್ಟ.

ಮೋಟಾರು ಹೊರಟ ಮೇಲೆ ಮಾವನವರು ಬುತ್ತಿ ಬಿಚ್ಚಿಸಿ ಮೂರು ರೊಟ್ಟಿ ತಿಂದರು. ಅತ್ತೆ ಅವರು ತಿನ್ನುವುದನ್ನೇ ನೋಡುತ್ತಿದ್ದರು. ನೀರು ಕೊಟ್ಟು, ಕೈ ಒರೆಸಲು ಸೆರಗು ಕೊಟ್ಟು, ನಿಧಾನವಾಗಿ ಮಾತು ತೆಗೆದರು.

"ಲಗ್ನ ಆಗಿ ಮೂವತ್ತೆಂಟು ವರ್ಷ ಆತು. ನಿಮ್ಮ ಬಾಯಿಂದ 'ತಪ್ಪು ನಂದು' ಅನ್ನೂದು ಇವತ್ತ ಮೊದಲು ಕೇಳಿದೆ."

ಮಾವನವರು ಕಿಟಕಿಯ ಕಡೆ ತಿರುಗಿದರು.

"ಈ ಹುಡುಗಿ ಬರೇ ಮ್ಯಾಟ್ರಿಕ್ ಕಲತದ್ದಕ್ಕ ಇಷ್ಟಾತು. ಇನ್ನೂ ಕಲತ್ರ ಏನೇನು ಹೊರಗ ಬರ್ತದೋ ನೋಡಬೇಕಲ್ಲ. ಕಾಲೇಜಿನ ಫಾರ್ಮ್ ತರಿಸ್ರಿ."

"ರೊಟ್ಟಿ?" ಎಂದರು ಮಾವನವರು. ನಾನೂ ಅದನ್ನೇ ಕೇಳಬೇಕೆಂದಿದ್ದೆ.

"ಇಷ್ಟು ದಿನ ಯಾರು ಬಡೀತಿದ್ರು? ಇಕಿ ಬಡದದ್ದು ರೊಟ್ಟಿ ಏನ್ರಿ ಅದು?"

ಆ ಜೂನಿನಲ್ಲಿ ನಾನು ಕಾಲೇಜು ಸೇರಿದೆ, ಗಣಿತವನ್ನೇ ತೆಗೆದುಕೊಂಡೆ. ಮೊದಲ ದಿನ ಅತ್ತೆ ಕಾಲೇಜಿನ ಬಾಗಿಲ ತನಕ ಬಂದರು. ಕಲ್ಲಿನ ಕಟ್ಟಡ, ಗುಂಪುಗುಂಪಾಗಿ ನಿಂತ ಹುಡುಗರು, ದೂರದಲ್ಲಿ ಕರೀ ಕೋಟು ತೊಟ್ಟು ಹೋಗುತ್ತಿದ್ದ ಪ್ರೊಫೆಸರು, ಎಲ್ಲವನ್ನೂ ಚೆನ್ನಾಗಿ ನೋಡಿದರು. ನನ್ನ ಸೆರಗು ಸರಿ ಮಾಡಿದರು. ತಲೆ ತಗ್ಗಿಸಿ ನಡೆ, ಯಾರ ಜೊತೆಗೂ ಮಾತಾಡಬೇಡ, ಮೂಲೆಯಲ್ಲಿ ಕೂಡು ಎಂದು ಹೇಳುತ್ತಾರೆ ಎಂದು ನಾನು ಕಾದೆ.

"ಹಿಂದಿನ ಬೆಂಚಿನ್ಯಾಗ ಕೂಡಬ್ಯಾಡ," ಎಂದರು. "ಮುಂದ ಕೂಡು. ಮಾಸ್ತರು ತಪ್ಪು ಬರದ್ರ ಹಿಂದಿನಿಂದ ಕಾಣೂದಿಲ್ಲ."